ಸುಮತಿ ಆಂಟಿ ಚುನಾವಣೆಗೆ ನಿಂತದ್ದು

ಹೊಸ ಫ್ಲೆಕ್ಸ್ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ, ನೀವೂ ಮೂಸಿರುತ್ತೀರಿ. ಸೀಮೆಎಣ್ಣೆಯೂ ಅಲ್ಲ, ಹೊಸ ಚಪ್ಪಲಿಯೂ ಅಲ್ಲ, ಎರಡರ ನಡುವಿನದು ಏನೋ ಒಂದು. ಈ ಸಲದ ಯುಗಾದಿಗೆ ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ಬಾಡಿಗೆ ಹಾಲ್‌ನಲ್ಲಿ ನಮ್ಮ ಕನ್ನಡ ಸಂಘದ ನಾಗರಾಜ್ ಒಂದು ಫ್ಲೆಕ್ಸ್ ಬಿಚ್ಚುತ್ತಿದ್ದ. ನಾನು ಏಣಿ ಹಿಡಿದು ನಿಂತಿದ್ದೆ. ವಾಸನೆ ಬಂದದ್ದೇ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಇದೇ ಹಾಲ್‌ನ ಇನ್ನೊಂದು ಯುಗಾದಿ ನೆನಪಾಯಿತು. ಅದನ್ನು ನಿಧಾನವಾಗಿ ಹೇಳುತ್ತೇನೆ.

ಸುಮತಿ ಆಂಟಿ ಧಾರವಾಡದವರು. ಗಂಡ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ಮಕ್ಕಳು ಓದಲು ಮನೆ ಬಿಟ್ಟ ಮೇಲೆ ಆಂಟಿ ಮ್ಯಾಜಿಸ್ಟ್ರೇಟ್ ಆದರು. ಈ ದೇಶದಲ್ಲಿ ಸಣ್ಣ ಅಪರಾಧಗಳನ್ನು ವಿಚಾರಿಸುವವರು ಹೆಚ್ಚಾಗಿ ವಕೀಲರಲ್ಲ, ಅವರಿಗೆ ಸಂಬಳವೂ ಇಲ್ಲ. ನಮ್ಮ ನಿಮ್ಮಂಥ ಮೂವರು ಒಟ್ಟಿಗೆ ಕೂತು, ಕಾನೂನು ಬಲ್ಲ ಒಬ್ಬರ ಸಲಹೆ ಕೇಳಿ, ತೀರ್ಪು ಕೊಡುತ್ತಾರೆ. ಊರಿನಲ್ಲಿ ಆಂಟಿಯ ಅಣ್ಣ ಅವರನ್ನು ‘ಪುಕ್ಕಟೆ ಜಡ್ಜ್’ ಎಂದು ಕಾಡಿಸುತ್ತಿದ್ದರಂತೆ. ಆಂಟಿ ನಗುತ್ತಿದ್ದರು. ಆದರೆ ಕೋರ್ಟಿನ ಹಿಂದಿನ ದಿನ ಯಾರು ಊಟಕ್ಕೆ ಕರೆದರೂ ಹೋಗುತ್ತಿರಲಿಲ್ಲ. “ನಾಳೆ ಒಬ್ಬಾಂವನ ಲೈಸೆನ್ಸ್ ಹೋಗಬಹುದು, ಅದರ ಜೋಡಿ ಕೆಲಸಾನೂ ಹೋಗಬಹುದು. ನಂಗ ನಿದ್ದಿ ಆಗಿರಬೇಕಲ್ಲೋ,” ಎನ್ನುತ್ತಿದ್ದರು.

ಒಮ್ಮೆ ಅವರು ಕೂರುವ ಕೋರ್ಟನ್ನು ನೋಡಲು ಹೋಗಿದ್ದೆ. ಅವರು ಒಳಬಂದಾಗ ಎಲ್ಲರೂ ಎದ್ದರು, ನಾನೂ ಎದ್ದೆ. ಎದ್ದವನು ಸುಮ್ಮನಿರಬೇಕಲ್ಲ, ಕೈ ಎತ್ತಿದೆ. ಆಂಟಿ ನನ್ನನ್ನು ಗೋಡೆ ನೋಡಿದಂತೆ ನೋಡಿದರು. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಕೂತೆ. ಸಂಜೆ ಫೋನಿನಲ್ಲಿ, “ಅಲ್ಲಿ ಕೈ ಬೀಸ್ತೀ ಏನೋ, ಬಸ್ ನಿಂದರಸಾಂವನಂಗ!” ಎಂದು ಬೈದರು.

ಆಗ ಮ್ಯಾಜಿಸ್ಟ್ರೇಟರು ತಮ್ಮ ಅಧ್ಯಕ್ಷರನ್ನು ತಾವೇ ಗುಪ್ತ ಮತದಾನದಿಂದ ಆರಿಸಿಕೊಳ್ಳುತ್ತಿದ್ದರು. ಒಂದು ವರ್ಷ ಮಾರ್ಗರೆಟ್ ಎಂಬ ಜೊತೆಯ ಮ್ಯಾಜಿಸ್ಟ್ರೇಟ್ ಆಂಟಿಯ ಹೆಸರನ್ನು ಸೂಚಿಸಿದರು. ಅಲ್ಲಿ ಪ್ರಚಾರ ಮಾಡುವಂತಿಲ್ಲ. ತಾನೂ ಮತ ಕೇಳಬಾರದು, ತನ್ನ ಪರವಾಗಿ ಇನ್ನೊಬ್ಬರೂ ಕೇಳಬಾರದು. ಆಂಟಿ ಬಾಯಿ ಬಿಡಲಿಲ್ಲ. ಅಂಕಲ್‌ಗೆ ಹೆಮ್ಮೆ ತಡೆಯಲಾಗದೆ ನಾಗರಾಜ್‌ಗೆ ಹೇಳಿಬಿಟ್ಟರು.

ನಾಗರಾಜ್ ಮಂಡ್ಯದವನು. ಫ್ಲೆಕ್ಸ್ ಇಲ್ಲದ ಚುನಾವಣೆ ಅವನಿಗೆ ಓಲಗವಿಲ್ಲದ ಮದುವೆ. ಯುಗಾದಿಯ ಬೆಳಿಗ್ಗೆ ನೋಡಿದರೆ ವೇದಿಕೆಯ ಹಿಂದೆ ಆಂಟಿ ಆಳೆತ್ತರಕ್ಕೆ ಕೈಮುಗಿದು ನಿಂತಿದ್ದರು. ಕೆಳಗೆ ಶುಭ ಕೋರುವವರ ಪುಟ್ಟ ಮುಖಗಳ ಸಾಲು. ಅದರಲ್ಲಿ ನನ್ನ ಮುಖವೂ ಇತ್ತು, ನನ್ನನ್ನು ಕೇಳದೆ ಹಾಕಿದ್ದು, ಕಪ್ಪು ಕನ್ನಡಕ ಸಮೇತ.

ಆಂಟಿ ಆ ಹಬ್ಬಕ್ಕೆ ಮಾರ್ಗರೆಟ್ ಅವರನ್ನು ಕರೆದಿದ್ದರು. ಇಬ್ಬರೂ ಬಾಗಿಲಲ್ಲಿ ಕಾಣಿಸಿದರು. ಮಾರ್ಗರೆಟ್ ಇನ್ನೂ ಕೋಟು ಬಿಚ್ಚಿರಲಿಲ್ಲ. ಫ್ಲೆಕ್ಸ್ ನೋಡಿ ಖುಷಿಯಿಂದಲೇ ನಕ್ಕು, ಎದುರಿಗಿದ್ದ ನನ್ನನ್ನು ಅದರಲ್ಲಿ ಏನು ಬರೆದಿದೆ ಎಂದು ಕೇಳಿದರು.

ನಾನು ಆಂಟಿಯ ಮುಖ ನೋಡಿದೆ. ಅವರು ಆಗಲೇ ಓದಿ ಮುಗಿಸಿದ್ದರು. “ಹಬ್ಬದ ಶುಭಾಶಯ ಅಂದ್ಬಿಡ್ಲಾ ಆಂಟಿ?” ಎಂದು ಕನ್ನಡದಲ್ಲಿ ಕೇಳಿದೆ.

“ಇದ್ದದ್ದು ಇದ್ದಾಂಗ ಹೇಳು.”

ಹೇಳಿದೆ. ಕೋರ್ಟಿನ ಅಧ್ಯಕ್ಷ ಸ್ಥಾನಕ್ಕೆ ನಿಂತಿರುವ ನಮ್ಮ ಹೆಮ್ಮೆಯ ಸುಮತಿಯವರನ್ನು ಭಾರಿ ಬಹುಮತದಿಂದ ಗೆಲ್ಲಿಸಿ. ಅಷ್ಟನ್ನೂ ಒಂದೂ ಬಿಡದೆ ಇಂಗ್ಲಿಷಿಗೆ ತಂದೆ. ಮಾರ್ಗರೆಟ್ ಅವರ ನಗು ಒಮ್ಮೆಗೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೋಯಿತು. ತಗ್ಗಿದ ದನಿಯಲ್ಲಿ, ನಮ್ಮ ಮ್ಯಾಜಿಸ್ಟ್ರೇಟರಲ್ಲಿ ಇದನ್ನು ಓದಬಲ್ಲವರು ಯಾರೂ ಇಲ್ಲ, ನಾನು ನೋಡಲೇ ಇಲ್ಲ ಎಂದುಕೊಳ್ಳೋಣ, ಎಂದರು.

“ಆದರೆ ನೋಡಿದಿರಲ್ಲ,” ಎಂದರು ಆಂಟಿ, ಇಂಗ್ಲಿಷಿನಲ್ಲಿ. ಆಮೇಲೆ ಅವರ ಕೋಟು ಇಸಿದುಕೊಂಡು ಊಟಕ್ಕೆ ಕರೆದೊಯ್ದರು.

ಆ ವಾರವೇ ಆಂಟಿ ಹೆಸರು ಹಿಂತೆಗೆದುಕೊಂಡರು. ನಾಗರಾಜ್‌ಗೆ ಸುದ್ದಿ ತಲುಪಿದಾಗ ಅವನನ್ನು ನೋಡುವಂತಿರಲಿಲ್ಲ. ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಹೋದ. “ಆಂಟಿ, ನಾನೇ ಬಂದು ಅವ್ರಿಗೆಲ್ಲ ಹೇಳ್ತೀನಿ. ತಪ್ಪು ನಂದು, ನಿಮ್ಗೆ ಗೊತ್ತೇ ಇರ್ಲಿಲ್ಲ ಅಂತ.”

ಆಂಟಿ ಅವನ ತಟ್ಟೆಗೆ ಬದನೆಕಾಯಿ ಎಣ್ಣೆಗಾಯಿ ಬಡಿಸುತ್ತಿದ್ದರು. “ನಂಗ ಗೊತ್ತಿರಲಿಲ್ಲ, ಗೆಳ್ಯಾರು ಮಾಡಿದ್ರು. ಈ ಮಾತು ನಾ ಕೋರ್ಟಿನ್ಯಾಗ ಕೂತಾಗೆಲ್ಲ ಕೇಳ್ತೀನಿ ನಾಗರಾಜ. ಒಮ್ಮೊಮ್ಮೆ ಖರೇನೂ ಇರತದ. ನಂಬದನ ಶಿಕ್ಷಾ ಕೊಟ್ಟು ಕಳಸೀನಿ ಎಷ್ಟೋ ಮಂದೀನ್ನ. ಈಗ ನಾನು ಹೇಳಿದ್ರ ನಂಬ್ರಿ ಅಂತ ಹೆಂಗ ಕೇಳ್ಲಿ? ಇನ್ನೊಂದು ರೊಟ್ಟಿ ಹಾಕ್ಲ್ಯಾ?”

ನಾಗರಾಜ್ ಅಳುತ್ತಲೇ ಇನ್ನೊಂದು ರೊಟ್ಟಿ ತಿಂದ.

ಬೇರೆಯವರು ಅಧ್ಯಕ್ಷರಾದರು. ಆಂಟಿ ನಿವೃತ್ತಿಯವರೆಗೂ ಮೂವರಲ್ಲಿ ಒಬ್ಬರಾಗಿಯೇ ಕೂತರು. ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ! ಹೇಳಿದಂತೆಲ್ಲ ನನ್ನ ಕಥೆಯ ಆಂಟಿ ಇನ್ನಷ್ಟು ಶಾಂತರಾಗುತ್ತಿದ್ದರು. ಕೊನೆಕೊನೆಗೆ ಅವರ ತುಟಿಯ ಮೇಲೆ ಒಂದು ಮಂದಹಾಸವೂ ಬಂದು ಕೂತಿತ್ತು. ಪದವಿ ಎಂದರೆ ಅವರಿಗೆ ಕಾಲಕಸ ಎಂದು ಕೇಳಿದವರು ತಲೆದೂಗುತ್ತಿದ್ದರು, ನಾನೂ ದೂಗುತ್ತಿದ್ದೆ.

ಈ ಸಲ ಏಣಿ ಒಳಗಿಟ್ಟು ಬಂದು ಆಂಟಿಯ ಪಕ್ಕ ಕೂತೆ. ಮೊಣಕಾಲು ನೋವಿಗೆಂದು ಅವರು ಹಿಂದಿನ ಸಾಲಿನಲ್ಲಿದ್ದರು. ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

“ಆಂಟಿ, ಅವತ್ತು ಹೆಸರು ವಾಪಸ್ ತಗೊಳ್ದೇ ಇದ್ದಿದ್ರೆ ಗೆಲ್ತಿದ್ರಾ?”

“ಗೆಲ್ತಿದ್ದೆ.” ಉತ್ತರ ನಾಲಿಗೆಯ ತುದಿಯಲ್ಲೇ ಇದ್ದಂತೆ ಬಂತು. “ಯಾರ್ಯಾರು ಹಾಕ್ತಾರ ಅಂತ ಎಣಿಸಿ ಕೂತಿದ್ದೆ. ಅಧ್ಯಕ್ಷಳಾಗಿ ಕೂಡೋ ಮೊದಲನೇ ದಿವಸಕ್ಕ ಸೀರಿ ಸುದ್ದಾ ತೆಗೆದಿಟ್ಟಿದ್ದೆ.”

“ಹಂಗಾದ್ರೆ... ನಿಮಗೆ ಬೇಜಾರು?”

“ಬ್ಯಾಸರ ಇರೂದಿಲ್ಲೇನು ಮತ್ತ? ಇಲ್ಲ ಅಂತ ನಿನಗ ಯಾರ ಹೇಳ್ಯಾರ?”

ಯಾರು ಹೇಳಿದ್ದರು? ಊರಿಗೆಲ್ಲ ಹೇಳಿಕೊಂಡು ಬಂದವನು ನಾನೇ. ಸಮಾಧಾನ ಹೇಳಲು ಹೊರಟಿದ್ದೆ. ಅದನ್ನು ಬಿಟ್ಟು, “ಯಾವ ಸೀರೆ ಆಂಟಿ?” ಎಂದೆ.

ಅವರು ನನ್ನ ಕಡೆ ತಿರುಗಿ ಕೂತರು. “ಇಳಕಲ್ಲು. ಗಿಳಿ ಹಸರು, ಕೆಂಪು ದಡಿ. ಅವ್ವ ಆರಿಸಿ ಕಳಿಸಿದ್ದು. ಮುಂದ ಸೊಸಿಗೆ ಕೊಟ್ಟೆ. ಆಕಿ ಕುಶನ್ ಕವರ್ ಹೊಲಿಸ್ಯಾಳ.”

ಆಂಟಿ ನಕ್ಕರು. ನಾನು ನಗಬಹುದೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತ ಕಾದೆ.