ಬಸ್ರಾದಲ್ಲಿ ಸತ್ತವನಿಗೆ ನಮ್ಮ ಕಡೆಯ ಕಲ್ಲು

ನಾನು ಬಿ.ಎ. ಮುಗಿಸಿ ಸಿರಾಕ್ಕೆ ಹಿಂತಿರುಗಿದ ವರ್ಷ, ನಮ್ಮ ಅಂಗಡಿಗೆ ಕಂಬಳಿ ತರುತ್ತಿದ್ದ ಕುರುಬರ ಹೆಂಗಸೊಬ್ಬಳು ಒಂದು ಕಂಚಿನ ಬಿಲ್ಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ತಾಲ್ಲೂಕು ಕಚೇರಿಯಲ್ಲಿ ಅದನ್ನು ಆಕೆಯ ಕೈಗೆ ಕೊಟ್ಟಿದ್ದರು. ಕೊಡುವಾಗ ಏನೋ ಓದಿದರಂತೆ. ಅದು ಇಂಗ್ಲಿಷಿನಲ್ಲಿದ್ದದ್ದರಿಂದ ಆಕೆಗೆ ತಿಳಿಯಲಿಲ್ಲ.

ಆಕೆಯ ಹಿರಿಯ ಮಗ ಜರ್ಮನಿಯ ಯುದ್ಧದಲ್ಲಿ ಸಂಸ್ಥಾನದ ಸೈನ್ಯದ ಜೊತೆ ಹೇಸರಗತ್ತೆಯ ಗಾಡಿ ಹೊಡೆಯಲು ಬಸ್ರಾ ಕಡೆಗೆ ಹೋಗಿದ್ದ. ಅಲ್ಲಿಯೇ ಜ್ವರ ಬಂದು ತೀರಿಕೊಂಡ. ಯುದ್ಧ ನಿಂತ ಮೇಲೆ, ಅವನ ಜೊತೆ ಹಡಗು ಹತ್ತಿದ್ದವನೊಬ್ಬ ತಾಯಿಯ ಮನೆ ಹುಡುಕಿಕೊಂಡು ಬಂದು, ಹೂಳುವಾಗ ತಾನೂ ಒಂದು ಹಿಡಿ ಮಣ್ಣು ಹಾಕಿದೆ ಎಂದು ಹೇಳಿಹೋಗಿದ್ದ. ಹೀಗಾಗಿ ಸಾವಿನ ವಿಷಯದಲ್ಲಿ ಆಕೆಗೆ ಅನುಮಾನವಿರಲಿಲ್ಲ.

ಸಂಕಟ ಬೇರೆಯದು. ಅವರ ಕುಲದಲ್ಲಿ ಮದುವೆಯಾಗದೆ ಸತ್ತ ಗಂಡಸರಿಗೆ ಊರಾಚೆಯ ಬೇವಿನ ಮರದ ಕೆಳಗೆ ಒಂದೊಂದು ಕಲ್ಲು ನೆಡುತ್ತಾರೆ. ಹಾಗೆ ಸತ್ತವರನ್ನು ಈರಗಾರರು ಎಂದು ಕರೆಯುತ್ತಾರೆ. ಕುರಿಯ ಉಣ್ಣೆ ಕತ್ತರಿಸುವ ಮೊದಲು ಆ ಕಲ್ಲುಗಳಿಗೆ ಹಾಲೆರೆಯಬೇಕು. ಕಲ್ಲಿಲ್ಲದವನಿಗೆ ಹಾಲೂ ಇಲ್ಲ. ಅವನು ಮನೆಗೂ ಸೇರದೆ ಹಿರಿಯರಿಗೂ ಸೇರದೆ ಅಲೆಯುತ್ತಾನೆ ಎಂದು ಅವರ ನಂಬಿಕೆ. ಹೆಣ ಊರಿನ ಮಣ್ಣಿಗೆ ಬಿದ್ದಿಲ್ಲ, ಆದ್ದರಿಂದ ಕಲ್ಲು ನೆಡಲಾಗದು ಎಂದು ಕುಲದ ಯಜಮಾನ ಹೇಳಿಬಿಟ್ಟಿದ್ದ. ಈಗ ಈ ಬಿಲ್ಲೆ ಬಂದಿದೆಯಲ್ಲ, ಕಲ್ಲಿನ ಜಾಗದಲ್ಲಿ ಇದನ್ನೇ ನಿಲ್ಲಿಸಬೇಕು ಎಂಬುದು ಆಕೆಯ ಆಸೆ.

"ಇದ್ರಾಗೆ ನನ್ ಮಗ ಎಲ್ಲವ್ನೆ ನೋಡವ್ವ," ಎಂದಳು.

ಬಿಲ್ಲೆ ಅಂಗೈಗಿಂತ ತುಸು ದೊಡ್ಡದಾಗಿ ದುಂಡಗಿತ್ತು. ಮೇಲೆ ಶಿರಸ್ತ್ರಾಣ ಧರಿಸಿ ನಿಂತ ಹೆಂಗಸು, ಅವಳ ಒಂದು ಕೈಯಲ್ಲಿ ತ್ರಿಶೂಲ, ಚಾಚಿದ ಇನ್ನೊಂದು ಕೈಯಲ್ಲಿ ಎಲೆಗಳ ಮಾಲೆ, ಮುಂದೆ ಒಂದು ಸಿಂಹ. ಸ್ವಾತಂತ್ರ್ಯಕ್ಕಾಗಿ, ಮಾನಕ್ಕಾಗಿ ಸತ್ತವನು ಎಂಬರ್ಥದ ಬರಹ ಅಂಚಿನ ಸುತ್ತ ಇತ್ತು. ಮಾಲೆಯ ಕೆಳಗಿನ ಚೌಕದಲ್ಲಿ ಅವನ ಹೆಸರು. ನಾನು ಬೆರಳಿಟ್ಟು ಓದಿದೆ. ಆಕೆ ಇನ್ನೊಮ್ಮೆ ಓದಿಸಿದಳು.

"ಇದೇ ಮಾತ್ನ ನಮ್ಮೂರಿಗ್ ಬಂದು ಹೇಳ್ಬುಡವ್ವ. ಮಾರಮ್ಮನ ಪೂಜಾರಿ, ಅಮ್ಮನೇ ಬಂದವ್ಳೆ, ಗುಡಿಗೆ ಕೊಟ್ಬುಡು ಅಂತಾನೆ. ಗುಡಿ ಒಳೀಕೆ ಹೋದ್ರೆ ಇನ್ ನಾನು ಮುಟ್ಟಂಗೂ ಇಲ್ಲ."

ಅಪ್ಪನನ್ನು ಕೇಳಿದೆ. ಕಂಬಳಿ ನೋಡುವ ಕೆಲಸ ಆ ಊರಿನಲ್ಲಿ ಅವರಿಗೂ ಇತ್ತು. "ಹೋಗೋಣ. ಬರೆದಿರೋದನ್ನ ಓದು, ಅಷ್ಟೇ. ಅವರ ದೇವರ ವಿಚಾರ ನಮಗೆ ಬೇಡ," ಎಂದರು.

ಮುಂದಿನ ಸೋಮವಾರ ಗಾಡಿ ಕಟ್ಟಿಸಿಕೊಂಡು ಹೋದೆವು. ಬೇವಿನ ಮರದ ಹತ್ತಿರ ಜನ ಸೇರಿದ್ದರು. ಪೂಜಾರಿ ನಿಂಬೆಹಣ್ಣು, ಕುಂಕುಮ ತಂದಿದ್ದ. ಬಿಲ್ಲೆ ಕೈಗೆ ಸಿಕ್ಕಿದ್ದೇ ತಡ, ಅದರ ಮೇಲಿನ ಹೆಂಗಸಿನ ಹಣೆಗೆ ಕುಂಕುಮ ಒತ್ತಿದ.

"ತ್ರಿಶೂಲ ಐತೆ, ಸಿಂಹ ಐತೆ. ಇನ್ನೇನ್ ಸಾಕ್ಷಿ ಬೇಕ್ರಲಾ ನಿಮ್ಗೆ?"

"ಕೈ ಎರಡೇ ಅವ್ಯಲ್ಲ ಪೂಜಾರಪ್ಪ?" ಎಂದ ಒಬ್ಬ.

"ಸಮುದ್ರ ದಾಟ್ ಬಂದವ್ಳೆ. ಮಿಕ್ಕಿದ್ ಕೈ ಅಲ್ಲೇ ಬುಟ್ ಬಂದವ್ಳೆ. ಸುಮ್ಕಿರ್ಲಾ ಲೇ."

ಯಜಮಾನ ನನ್ನತ್ತ ನೋಡಿದ. ನಾನು ಹೆಸರನ್ನು ಗಟ್ಟಿಯಾಗಿ ಓದಿ, ಇದು ಆ ಹುಡುಗನ ನೆನಪಿಗೆ ಮಾಡಿಸಿದ್ದು ಎಂದು ಹೇಳಿದೆ.

ಪೂಜಾರಿ ಜಗ್ಗಲಿಲ್ಲ. "ಹೆಸ್ರಿದ್ರೆ ಇರ್ಲಿ ಕಣಮ್ಮ. ನಮ್ ಗುಡಿ ಗಂಟೆ ಮ್ಯಾಲೂ ಶೆಟ್ರ ಹೆಸ್ರೈತೆ. ಅದ್ಕೇಂತ ಗಂಟೇನೇ ಶೆಟ್ರು ಅಂತೀವಾ? ಮಾಡಿಸ್ಕೊಟ್ಟೋನ ಹೆಸ್ರು ಅದು."

ಜನಕ್ಕೆ ಇದು ಸರಿಯೆನಿಸಿತು. ಗಂಟೆ, ದೀಪದ ಕಂಬ, ಕೊಳಗ, ಎಲ್ಲದರ ಮೇಲೂ ಕೊಟ್ಟವರ ಹೆಸರಿರುವುದನ್ನು ಅವರು ಕಂಡವರೇ.

"ಮಾಡಿಸ್ಕೊಡಕೆ ಅವ್ನೆಲ್ಲಿದ್ದ?" ಎಂದಳು ತಾಯಿ. "ಮಣ್ಣಾಗಿದ್ದ."

ಯಜಮಾನ ನೇರವಾಗಿ ಕೇಳಿದ. "ನೀವ್ ಓದಿದೋರು ತಾಯಿ. ಈಯಮ್ಮ ನಮ್ ಅಮ್ಮನೇನಾ, ಅಲ್ವಾ?"

ಅಪ್ಪ ಮರದ ಕಡೆ ನೋಡುತ್ತಿದ್ದರು. ಕೇಳಿದ ಮೇಲೆ ಹೇಳದಿರಲಾಗಲಿಲ್ಲ. "ಅಲ್ಲ. ಇಂಗ್ಲೆಂಡ್ ದೇಶವನ್ನೇ ಹೆಣ್ಣಿನ ರೂಪದಲ್ಲಿ ತೋರಿಸಿದ್ದಾರೆ. ಅವಳಿಗೆ ಅಲ್ಲಿ ಪೂಜೆ ಇಲ್ಲ."

ಪೂಜಾರಿ ನಿಂಬೆಹಣ್ಣನ್ನು ಚೀಲಕ್ಕೆ ಹಾಕಿಕೊಂಡ. ತಾಯಿಯ ಮುಖ ಅರಳಿತು. ಆದರೆ ಯಜಮಾನ ತಲೆಯಾಡಿಸಿದ.

"ಅಂಗಾರೆ ಇನ್ನೂ ಕಷ್ಟ ಆಯ್ತು. ಇವ್ಳು ನಮ್ ದೇವ್ರೂ ಅಲ್ಲ, ನಮ್ ಹಿರೇರೂ ಅಲ್ಲ. ಯಾವ್ದೋ ದೇಶದ ಹೆಂಗ್ಸನ್ನ ತಂದು ಮದ್ವೆ ಆಗ್ದಿರೋ ಹುಡುಗ್ರ ಮಧ್ಯ ನಿಲ್ಸಕಾಯ್ತದಾ?"

ಜನ ನಕ್ಕರು. ನನ್ನ ಉತ್ತರದಿಂದ ಆಕೆಗೆ ಇದ್ದ ದಾರಿಯೂ ಮುಚ್ಚಿತು ಎಂದುಕೊಂಡೆ. ಆಕೆ ನಗಲಿಲ್ಲ, ಅಳಲೂ ಇಲ್ಲ. ಬಿಲ್ಲೆಯನ್ನು ಪೂಜಾರಿಯ ಕೈಯಿಂದ ತೆಗೆದುಕೊಂಡು, ಸೆರಗಿನ ತುದಿಯಿಂದ ಕುಂಕುಮ ಒರೆಸುತ್ತ ಹೇಳಿದಳು.

"ನಿಲ್ಸಾದ್ ಬ್ಯಾಡ. ಹೂಳಾನ."

"ಏನಂದೆ?"

"ಹೆಣ ಬರ್ನಿಲ್ಲ ಅಂತ ತಾನೆ ನೀನು ಕಲ್ ಬ್ಯಾಡ ಅಂದಿದ್ದು? ಅವ್ನ ಕಡೆಯಿಂದ ಬಂದಿರಾದು ಇದೊಂದೇ. ಇದ್ನ ಮಣ್ಣಿಗಾಕಿ, ಮ್ಯಾಲೆ ಕಲ್ ನೆಡು."

ಯಜಮಾನ ಮೆಲ್ಲಗೆ ಹೇಳಿದ. "ಹೂಳಿದ್ನ ಮತ್ತೆ ತೆಗೀಯಂಗಿಲ್ಲ ಕಣವ್ವ. ಕಚೇರಿಯೋರು ಕೇಳಿದ್ರೂ ತೆಗೀಯಂಗಿಲ್ಲ. ನಿಂಗೇ ಒಂದಿನ ನೋಡ್ಬೇಕು ಅನ್ನಿಸಿದ್ರೂ ತೆಗೀಯಂಗಿಲ್ಲ."

ಆಕೆ ಬಿಲ್ಲೆಯನ್ನು ನೋಡಿದಳು. ಎಷ್ಟು ಹೊತ್ತು ಎಂದು ಹೇಳಲಾರೆ. ಯಾರೂ ಅವಸರ ಮಾಡಲಿಲ್ಲ. ನಂತರ ಅದನ್ನು ಯಜಮಾನನ ಕೈಗೆ ಕೊಟ್ಟಳು.

ಮುಂದಿನದೆಲ್ಲ ಹೆಣಕ್ಕೆ ಮಾಡುವಂತೆಯೇ ನಡೆಯಿತು. ಅರಿಶಿನದ ನೀರಿನಲ್ಲಿ ತೊಳೆದರು. ಕಂಬಳಿಯ ತುಂಡಿನಲ್ಲಿ ಸುತ್ತುವ ಮೊದಲು ನನ್ನನ್ನು ಕರೆದು, ಇದಕ್ಕೆ ತಲೆ ಯಾವ ಕಡೆ ಎಂದು ಕೇಳಿದರು. ಅಕ್ಷರಗಳು ನೆಟ್ಟಗೆ ಕಾಣುವಂತೆ ಹಿಡಿದು ಮೇಲಿನ ಅಂಚನ್ನು ತೋರಿಸಿದೆ. ಆ ಅಂಚನ್ನು ದಕ್ಷಿಣಕ್ಕೆ ಮಾಡಿ ಮಲಗಿಸಿದರು. ಪೂಜಾರಿಯೂ ಬಂದು ಒಂದು ಹಿಡಿ ಮಣ್ಣು ಹಾಕಿದ. ಹಳ್ಳದಿಂದ ತಂದ ಕಲ್ಲನ್ನು ಉಳಿದವುಗಳ ಸಾಲಿನಲ್ಲಿ ನೆಟ್ಟರು; ಸತ್ತವನ ತಮ್ಮ ಹಾಲೆರೆದ. ಹೂಳುವಾಗ, ಹಾಲೆರೆಯುವಾಗ ಹೆಂಗಸರು ಕಲ್ಲುಗಳ ಬಳಿ ನಿಲ್ಲುವ ಪದ್ಧತಿಯಿಲ್ಲದ್ದರಿಂದ ತಾಯಿ ದೂರ ಸರಿದು ನಿಂತಿದ್ದಳು. ನಾನೂ ಆಕೆಯ ಪಕ್ಕಕ್ಕೆ ಬಂದು ನಿಂತೆ.

ಅಪ್ಪ ಎತ್ತುಗಳನ್ನು ಹೂಡಿಸುತ್ತಿದ್ದಾಗ ಆಕೆ ಗಾಡಿಯ ಬಳಿಗೆ ಬಂದಳು. ಊರಿಗೆ ಬಂದವರನ್ನು ಉಣ್ಣಿಸದೆ ಕಳಿಸುವವಳಲ್ಲ ಆಕೆ. ಹಿಂದೆ ಅಪ್ಪ ಹೋದಾಗಲೆಲ್ಲ ಮುದ್ದೆ ತಿನ್ನಿಸಿಯೇ ಕಳಿಸಿದ್ದಳಂತೆ.

"ತಪ್ ತಿಳೀಬ್ಯಾಡಿ ಸಾವ್ಕಾರ್ರೆ," ಎಂದಳು. "ಇವತ್ತು ನಮ್ಮನೇಲಿ ಮಣ್ಣಾಗೈತೆ. ಒಲೆ ಹಚ್ಚಂಗಿಲ್ಲ."