ಕಪ್ಪಾಗುವ ಮೊದಲೇ ಸಾಕೆಂದೆ

ಕಳೆದ ಭಾನುವಾರ ನನ್ನ ಗಂಡ ಸಾರಿನ ಪುಡಿಗೆಂದು ಬ್ಯಾಡಗಿ ಮೆಣಸಿನಕಾಯಿಯನ್ನು ಬಾಣಲೆಗೆ ಹಾಕಿ, ಫೋನ್ ಬಂತೆಂದು ಆಚೆ ಹೋದವನು ಮರೆತೇಬಿಟ್ಟ. ಈಗ ನಾವಿರುವ ಸ್ಯಾಲಿಸ್‌ಬರಿಯ ಈ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಟ್ಟೆ ಮಡಿಸುತ್ತಿದ್ದೆ. ಮೊದಲು ಗಂಟಲು ಕಟ್ಟಿತು. ಆಮೇಲೆ ಕಣ್ಣುರಿ. ಎದ್ದು ಓಡಬೇಕಿತ್ತು, ಓಡಲಿಲ್ಲ. ಅಷ್ಟರಲ್ಲಿ ಘಾಟು ಇಳಿದು, ಸುಟ್ಟ ಕಟ್ಟಿಗೆಗೆ ನೀರು ಬಿದ್ದಂಥ, ಒಳಗೆಲ್ಲೋ ಸಿಹಿ ಇರುವಂಥ ವಾಸನೆಯೊಂದು ಮನೆಯೆಲ್ಲ ತುಂಬಿತ್ತು...

ಒಂದು ವಾಸನೆ ಬಂದು ಹಳೆಯ ಕಾಲವನ್ನು ಇಡಿಯಾಗಿ ತಂದು ನಿಲ್ಲಿಸಿತು ಎಂದು ಬರೆಯುವವರನ್ನು ಕಂಡರೆ ನನಗಾಗುವುದಿಲ್ಲ. ನನಗೆ ಸಿಕ್ಕಿದ್ದು ಚೂರುಗಳು. ಅವುಗಳಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನಾನು ಹಚ್ಚಿಕೊಂಡದ್ದು ಎಂದು ಹೇಳಲಾರೆ. ಒಂದು ಮಾತ್ರ ಗಟ್ಟಿ: ತಪ್ಪು ನನ್ನದು.

ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿ ನಾವು ಬಾಡಿಗೆಗಿದ್ದ ಯೂನಿಟ್ಟಿನ ಪಕ್ಕದ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರಿದ್ದರು. 2012ರಲ್ಲಿ ನಾವು ಹೋದಾಗ ಅವರಿಗೆ ಎಪ್ಪತ್ತಿರಬೇಕು. ಅರವತ್ತೈದೂ ಇರಬಹುದು, ಕೇಳಿರಲಿಲ್ಲ. ಮೆಕ್ಸಿಕೋದ ದಕ್ಷಿಣದ ವಹಾಕಾ ಸೀಮೆಯವರು, ಗಂಡ ತೀರಿಹೋಗಿ ಒಂಟಿಯಾಗಿದ್ದರು. ನಾನು ಅಭ್ಯಾಸಬಲದಿಂದ ಆಂಟಿ ಎಂದೆ. ಅವರು ನನ್ನನ್ನು ‘ಮಿಹಾ’ ಎಂದರು. ಅವರ ಭಾಷೆಯಲ್ಲಿ ಹಾಗೆಂದರೆ ಮಗಳೇ. ನಮ್ಮಿಬ್ಬರ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ. ಈಗ ಅದು ನನ್ನ ತಲೆಯೊಳಗೆ ಕನ್ನಡದಲ್ಲೇ ಕೇಳುತ್ತದೆ. ಇದೂ ಒಂದು ಮೋಸವೇ.

ನಾನು ಹಿತ್ತಲಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಾಗ ಬೇಲಿಯ ಮೇಲಿಂದ ಅವರ ಮುಖ ಕಂಡಿತು.

“ಅದನ್ನ ನಿಮ್ಮ ದೇಶಕ್ಕೆ ಕೊಟ್ಟೋರು ನಾವು. ಗೊತ್ತಾ?”

“ವಾಪಸ್ ಬೇಕಾ ಆಂಟಿ?”

“ಎಲ್ಲಾ ಬೇಡ. ಒಂದು ಕೆಜಿ ಕೊಡು.”

ಆ ಒಂದು ಕೆಜಿಯ ಹಿಂದೆ ದೊಡ್ಡ ಕಥೆಯಿತ್ತು. ಅವರ ಸೀಮೆಯಲ್ಲಿ ನವೆಂಬರ್ ಮೊದಲಿಗೆ ಸತ್ತವರು ಮನೆಗೆ ಬರುತ್ತಾರೆ. ಫೋಟೋ ಇಟ್ಟು, ನಮ್ಮ ಚೆಂಡುಹೂವಿನಂಥದೇ ಹೂವಿನ ರಾಶಿ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿಡುತ್ತಾರೆ. ಸತ್ತವರಿಗೆ ಬಾಯಿಲ್ಲ. ಅವರು ತಿನ್ನುವುದು ಊಟದ ವಾಸನೆಯನ್ನು, ದಾರಿ ಹಿಡಿಯುವುದೂ ಅದರ ಜಾಡಿನಲ್ಲೇ. ಆಂಟಿಯ ಗಂಡನಿಗೆ ಬೇಕಾದದ್ದು ಕಪ್ಪು ಮೋಲೆ. ಮೆಣಸಿನಕಾಯಿಯನ್ನು ಕಪ್ಪಾಗುವಷ್ಟು ಹುರಿದು, ಅದರ ಬೀಜವನ್ನು ಪೂರ್ತಿ ಸುಟ್ಟು, ಎಳ್ಳು, ಬಾಳೆಹಣ್ಣು, ಚಾಕೊಲೇಟು ಇನ್ನೇನೇನೋ ಸೇರಿಸಿ ರುಬ್ಬಿ, ದಿನವಿಡೀ ಕುದಿಸುವ ಸಾರು. ನಮ್ಮ ಮನೆಯಲ್ಲಿ ನಾವದಕ್ಕೆ ಕಪ್ಪು ಗೊಜ್ಜು ಎಂದೇ ಹೆಸರಿಟ್ಟಿದ್ದೆವು.

ಅವರ ಕಷ್ಟ ಇದು: ಹಿಂದಿನ ವರ್ಷ ಬಂದ ಜ್ವರದಲ್ಲಿ ಅವರ ಮೂಗು ಸತ್ತುಹೋಗಿತ್ತು. ಉಪ್ಪು, ಹುಳಿ, ಕಹಿ ನಾಲಿಗೆಗೆ ತಿಳಿಯುತ್ತಿತ್ತು. ವಾಸನೆ ಒಂದಿಷ್ಟೂ ಇಲ್ಲ.

“ಬಣ್ಣ ನೋಡಿ ಇಳಿಸಬಹುದಲ್ಲಾ?” ಎಂದೆ.

“ನಮ್ಮ ಮೆಣಸಿನಕಾಯಿ ಇಲ್ಲಿ ಸಿಗಲ್ಲ. ನಿಮ್ಮದರ ಬಣ್ಣ ನನಗೆ ಗೊತ್ತಿಲ್ಲ. ಮೂಗೇ ಹೇಳ್ಬೇಕು, ಮಿಹಾ. ಬದುಕಿದ್ದಾಗ್ಲೇ ಅವನು ಮನೆಗೆ ಬರೋಷ್ಟರಲ್ಲಿ ಮೂರು ಸಲ ರೋಡ್ ತಪ್ತಿದ್ದ. ಈಗ ವಾಸನೆ ಬಿಟ್ಟು ಬೇರೆ ಏನು ಗುರುತಿದೆ ಅವನಿಗೆ?”

ಹಾಗೆ ನಾನು ಅವರ ಮೂಗಾದೆ. ಆ ಸಾರಿಗೆ ಕೋಳಿ ಬೀಳುವುದರಿಂದ ನಾನು ರುಚಿ ನೋಡುವ ಹಾಗಿರಲಿಲ್ಲ. ಅವರು ವಾಸನೆ ನೋಡಲಾರರು. ಇಬ್ಬರೂ ಸೇರಿ ಒಬ್ಬ ಅಡುಗೆಯವಳು.

ಒಳಗೆ ಹುರಿದರೆ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆಂದು ಹಿತ್ತಲಿನ ಬಾರ್ಬೆಕ್ಯೂ ಒಲೆಯ ಕಬ್ಬಿಣದ ಹಲಗೆಯ ಮೇಲೆ ಹುರಿದೆವು. ಅವರು ಮೊದಲೇ ಹೇಳಿಕೊಟ್ಟಿದ್ದರು: ಗಂಟಲು ಕಟ್ಟುತ್ತದೆ, ತಡಿ. ಕಣ್ಣೀರು ಬರುತ್ತದೆ, ತಡಿ. ಆಮೇಲೆ ವಾಸನೆ ಮಗ್ಗುಲು ಬದಲಿಸುತ್ತದೆ, ಆಗ ಹೇಳು. ಯಾವ ಮಾತು ಹೇಳಬೇಕು ಎಂದು ಕೇಳಿದೆ. ನಿನ್ನ ಮಾತೇ ಇರಲಿ ಎಂದರು. ‘ಸಾಕು’ ಎಂದು ಕಲಿಸಿದೆ.

ನನ್ನ ಅಮ್ಮನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುವಾಗ ಘಾಟೆದ್ದರೆ ಬೈಗುಳ ಖಂಡಿತ. ಚಿಟಿಕೆ ಉಪ್ಪು, ತೊಟ್ಟು ಎಣ್ಣೆ, ಸಣ್ಣ ಉರಿ. ಒಂದು ಕಾಯಿ ಕಪ್ಪಾದರೂ ಎತ್ತಿ ಎಸೆಯಬೇಕು, ಇಲ್ಲದಿದ್ದರೆ ಪುಡಿಯೆಲ್ಲ ಕಹಿ. ನನ್ನ ಮೂಗು ಪಳಗಿದ್ದು ಅಲ್ಲಿ.

ಬೇಲಿಯಾಚೆ ಯಾರೋ ಕೆಮ್ಮಿದರು. ನನ್ನ ಗಂಡ ಬಾಗಿಲಿಂದ ಕೂಗಿದ: “ಏನೇ ಅದು, ಅರ್ಧ ಸಬರ್ಬ್ ಕೆಮ್ತಾ ಇದೆ!” ಆಂಟಿ ಹೊಗೆಯ ನಡುವೆ, ಏನೂ ಗೊತ್ತಾಗದೆ, ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. “ಸಾಕೂ?” ಎಂದು ಕೇಳಿದರು. ನನಗೆ ಕಣ್ಣೀರು ಬಂತು. ಅದೇ ತಿರುವು ಎಂದುಕೊಂಡೆ. ಅಲ್ಲ, ಹಾಗೆ ಅಂದುಕೊಳ್ಳಲು ನನಗೇ ಅವಸರವಿತ್ತು.

“ಸಾಕು.”

ಸಾರು ಕಪ್ಪಾಗದೆ ಕಂದು ಬಣ್ಣಕ್ಕೆ ಬಂತು. ಅವರು ನೆಕ್ಕಿ ನೋಡಿ, “ಕಹಿ ಸ್ವಲ್ಪ ಕಮ್ಮಿ ಅನ್ಸುತ್ತೆ... ವಾಸನೆ ಸರಿ ಇದೆಯಾ?” ಎಂದರು. ಕಹಿ ಕಮ್ಮಿ ಎಂಬುದನ್ನು ನಾನು ಹೊಗಳಿಕೆ ಎಂದು ತಿಳಿದೆ! “ಎಲ್ಲಾ ಸರಿ ಇದೆ ಆಂಟಿ.” ಫೋಟೋದ ಮುಂದೆ ಬಟ್ಟಲಿಟ್ಟರು. ಹೀಗೆ ಮೂರು ನವೆಂಬರ್.

ಆಮೇಲೆ ಗಂಡನ ಕೆಲಸದ ಹಿಂದೆ ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ಗೆ ಹೋದೆವು. ಅಲ್ಲಿಂದ 2017ರಲ್ಲಿ, ಬಹಳ ವರ್ಷದ ಆಸೆಯಂತೆ, ನಾನು ವಹಾಕಾಗೆ ಹೋದೆ. ಹೋದದ್ದು ಅಡುಗೆ ನೋಡಲೆಂದೇ. ಒಂದು ಕಣಿವೆಯಲ್ಲಿ ಹಳದಿ ಮೋಲೆ, ಗುಡ್ಡದಾಚೆ ಹಸಿರು, ಪ್ರತಿ ಊರಿನವರೂ ಪಕ್ಕದೂರಿನದು ತಿನ್ನಲಿಕ್ಕಾಗದು ಎನ್ನುವವರೇ. ಆಂಟಿಯ ಊರಿನ ಸಂತೆಯ ಹಿಂದೆ ಹೆಂಗಸೊಬ್ಬಳು ಮಣ್ಣಿನ ಹೆಂಚಿನ ಮೇಲೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಗಂಟಲು ಕಟ್ಟಿತು, ಕಣ್ಣೀರು ಬಂತು. ನನ್ನ ಬಾಯಿ ತಾನಾಗಿ ಸಾಕು ಎಂದಿತು. ಅವಳು ತಿರುಗಿ ನೋಡಿ ನಕ್ಕು, ಹುರಿಯುತ್ತಲೇ ಹೋದಳು. ಕಾಯಿ ಕಪ್ಪಾಯಿತು. ಬೀಜಕ್ಕೆ ಬೆಂಕಿಯೇ ಹತ್ತಿತು, ಅವಳು ಉರಿಯಲು ಬಿಟ್ಟಳು. ಆಮೇಲೆ ಆ ಕರಿಯನ್ನೆಲ್ಲ ನೀರಿಗೆ ಹಾಕಿ ಕಹಿ ತೊಳೆದಳು. ಮತ್ತೆ ಮತ್ತೆ ತೊಳೆದಳು. ಆಗ ಬಂತು, ಆಂಟಿ ಹೇಳಿದ್ದ ವಾಸನೆ. ಮೂರು ವರ್ಷದಲ್ಲಿ ಒಮ್ಮೆಯೂ ನಮ್ಮ ಹಿತ್ತಲಲ್ಲಿ ಏಳದ ವಾಸನೆ.

ವಾಪಸ್ ಬಂದವಳು ಫಾರೆಸ್ಟ್ ಲೇಕ್‌ನ ಆ ಕಟ್ಟಿಸಿದ ಕೆರೆಯ ದಂಡೆಯ ಮೇಲೆ ನಡೆಯುತ್ತಾ ಅವರಿಗೆ ಫೋನ್ ಮಾಡಿದೆ. ಹೇಳಿಬಿಡಬೇಕು ಎಂದೇ ಮಾಡಿದ್ದು.

“ಹೇಗಿತ್ತು ವಾಸನೆ? ನಮ್ಮದರ ಹಾಗೇ ಇತ್ತಾ?”

“...ಹಾಗೇ ಇತ್ತು ಆಂಟಿ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣದಾಗಿ ಅಂದರು: “ಹಾಗಾದ್ರೆ ಮೂರು ವರ್ಷವೂ ಬಂದಿರ್ತಾನೆ.”

ಮುಂದಿನ ನವೆಂಬರಿಗೆ ಪರ್ತ್‌ಗೆ ಹೋಗಿ, ಎದುರಿಗೆ ಕೂತು ಹೇಳಿ, ಸರಿಯಾಗಿ ಸುಡಿಸಬೇಕು ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಅವರ ತಂಗಿಯ ಮಗಳಿಂದ ಮೆಸೇಜ್ ಬಂತು. ಆಂಟಿ ಹೋಗಿಬಿಟ್ಟಿದ್ದರು. ಅವರಿಗೆ ಸಂಶಯವಿತ್ತೇ? ಫೋನಿನ ಆ ಮೌನ ನಿಜಕ್ಕೂ ಅಷ್ಟು ಉದ್ದವಿತ್ತೇ, ಇಲ್ಲಾ ನಾನೇ ಬೆಳೆಸಿದೆನೇ? ಕೇಳೋಣವೆಂದರೆ ಅವರಿಲ್ಲ. ಕ್ಷಮೆ ಕೇಳುವುದಕ್ಕೂ ಇಲ್ಲ.

ಕಳೆದ ಭಾನುವಾರ ನವೆಂಬರ್ ಅಲ್ಲ, ಮಾರ್ಚ್. ಮನೆಯಲ್ಲಿ ಚೆಂಡುಹೂವೂ ಇರಲಿಲ್ಲ. ನಾನು ಅಡುಗೆಮನೆಗೆ ಬರುವಷ್ಟರಲ್ಲಿ ಗಂಡ ಕಿಟಕಿಯೆಲ್ಲ ತೆಗೆದು, ಬಾಣಲೆಯನ್ನು ನಲ್ಲಿಯ ಕೆಳಗೆ ಹಿಡಿದಿದ್ದ. “ಸಾರಿ ಕಣೇ, ಎಲ್ಲಾ ಸುಟ್ಟುಹೋಯ್ತು,” ಎಂದ. ನಾನು ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಮಾಡಲಾಗದ್ದನ್ನು ಅವನು ಒಂದು ಫೋನಿನಲ್ಲಿ ಮಾಡಿ ಮುಗಿಸಿದ್ದ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಕಿಟಕಿ ಮುಚ್ಚಿದೆ. ಬಾಣಲೆ ಒರೆಸಿ ಇನ್ನೊಂದು ಹಿಡಿ ಮೆಣಸಿನಕಾಯಿ ಹಾಕಿ, ಉರಿ ದೊಡ್ಡದು ಮಾಡಿ ನಿಂತೆ. ಗಂಟಲು ಕಟ್ಟಿತು. ಕಣ್ಣೀರು ಬಂತು. ಗಂಡ ಕೆಮ್ಮುತ್ತಾ “ಸಾಕು ಮಾರಾಯ್ತಿ,” ಎಂದ. ಇನ್ನೂ ಇಲ್ಲ, ಇನ್ನೂ ಇಲ್ಲ ಎಂದು ನಾನು ಒಳಗೇ ಹೇಳಿಕೊಳ್ಳುತ್ತಿರುವಾಗಲೇ ಕೈ ತಾನಾಗಿ ಹೋಗಿ ಒಲೆ ಆರಿಸಿತು.

ನೋಡಿದರೆ, ಬಾಣಲೆಯಲ್ಲಿ ಮೆಣಸಿನಕಾಯಿ ಕೆಂಪಗೇ ಇತ್ತು.