ದೇವರ ಪಾಲಾದ ಹತ್ತಿ

ಬೆಟ್ಟಕ್ಕೆ ಹೊರಡುವ ಹಿಂದಿನ ಸಂಜೆ ನಾನು ಔಷಧಿ ಡಬ್ಬಿ ತುಂಬಲು ಕೂತರೆ ಮನೆಯವರೆಲ್ಲ ಜಾಗ ಖಾಲಿ ಮಾಡುತ್ತಾರೆ. ನಾನು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಪಟ್ಟಿ ಬರೆಯದೆ ಇವರಿಗೆ ಉಸಿರಾಡಲೂ ಬರುವುದಿಲ್ಲ ಎಂಬುದು ಹೆಂಡತಿಯ ದೂರು. ಹತ್ತಿ, ಬ್ಯಾಂಡೇಜು, ಅಯೋಡಿನ್ ಮುಲಾಮು, ಚಿಮಟ, ಓಆರ್‌ಎಸ್ ಪೊಟ್ಟಣ, ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿದರೆ ಬಿಡಿಸಲು ಉಪ್ಪಿನ ಗಂಟು. ಎಲ್ಲದಕ್ಕೂ ಗುರುತು ಹಾಕಿ ಇಡುತ್ತೇನೆ. ಏನು ಪ್ರಯೋಜನ? ತಿಂಗಳಿಗೊಮ್ಮೆ ನನ್ನ ಜೊತೆ ಲಿಂಗದಹಳ್ಳಿ ಕಡೆಯಿಂದ ಬೆಟ್ಟ ಹತ್ತುವವರಿಗೆ ಅದು ತಿಂಡಿ ಡಬ್ಬಿ.

ಅಡಿಕೆ ವ್ಯಾಪಾರದ ಗೆಳೆಯನೊಬ್ಬನಿದ್ದಾನೆ. ಬಸ್ಸು ತರೀಕೆರೆ ಬಿಡುವ ಮೊದಲೇ ಓಆರ್‌ಎಸ್ ಕಲಸಿ ಕುಡಿದು, "ಹೋದ್ಸಲ ಕಿತ್ತಳೆದು ಚೆನ್ನಾಗಿತ್ತು ಕಣೋ" ಎನ್ನುತ್ತಾನೆ. ಉಪ್ಪನ್ನು ಸೌತೆಕಾಯಿಗೆ ಹಚ್ಚುತ್ತಾನೆ. ಒಂದು ದಿನ ಅರ್ಧ ದಾರಿಯಲ್ಲಿ ಅವನ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ನಾನು ನೋಡನೋಡುತ್ತಲೇ ಇದ್ದೊಂದು ಬ್ಯಾಂಡೇಜನ್ನೂ ಅದಕ್ಕೆ ಸುತ್ತಿಕೊಂಡ.

ಇನ್ನೊಬ್ಬಳು ನನ್ನ ಅಕ್ಕ. ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಬಾಯಿ ಮಾತ್ರ ನಮಗಿಂತ ಗಟ್ಟಿ. ಭಾವ ಹೋದ ಮೇಲೆ ನಮ್ಮ ಜೊತೆ ಬೆಟ್ಟ ಹತ್ತಲು ಶುರು ಮಾಡಿದಳು. ತಿಂಗಳಲ್ಲಿ ಆ ಒಂದು ದಿನ ಅವಳು ಯಾರ ಅಮ್ಮನೂ ಅಲ್ಲ, ಅಜ್ಜಿಯೂ ಅಲ್ಲ. ಹಿಂದಿನ ದಿನವೇ ಬೂಟು ಒರೆಸಿ ಬಾಗಿಲ ಹತ್ತಿರ ಇಟ್ಟಿರುತ್ತಾಳೆ.

ಬೆಟ್ಟದ ನೆತ್ತಿಯಲ್ಲಿ ಈಶ್ವರನ ಪುಟ್ಟ ಗುಡಿ ಇದೆ. ಆ ದಿನ ನಾನು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಅಕ್ಕ ಬೂಟು ಕಾಲುಚೀಲ ಬಿಚ್ಚಿ, ಸುತ್ತು ಹಾಕಿ, ದೀಪ ಹಚ್ಚುತ್ತಿದ್ದಳು. ಒಂದೆರಡಲ್ಲ, ಸಾಲು ದೀಪ. ಬೆಳ್ಳಗೆ ದಪ್ಪ ದಪ್ಪ ಬತ್ತಿ.

"ಇಷ್ಟು ಹತ್ತಿ ಎಲ್ಲಿಂದ ಬಂತು?" ಎಂದೆ.

"ನಿನ್ ಡಬ್ಬೀಲಿ ಸುಮ್ನೆ ಬಿದ್ದಿತ್ತು. ಬಸ್ಸಲ್ಲಿ ಕೂತ್ಕಂಡು ಹೊಸೆದ್ಬಿಟ್ಟೆ. ಬೀಜ ಇಲ್ಲ, ಕಸ ಇಲ್ಲ, ಬತ್ತಿಗೆ ಹೇಳಿ ಮಾಡಿಸ್ದಂಗೈತೆ ಕಣೋ!"

"ಅಯ್ಯೋ ಮಾರಾಯ್ತಿ, ಅದು ಗಾಯಕ್ಕೆ!"

"ಗಾಯ ಆಗ್ದಂಗೆ ಇವ್ನೇ ನೋಡ್ಕಂತಾನೆ," ಎಂದು ಲಿಂಗದ ಕಡೆ ಕೈ ತೋರಿಸಿದಳು.

ಅವನು ನೋಡಿಕೊಂಡಿರಲಿಲ್ಲ. ಅವಳು ಸುತ್ತು ಹಾಕಿದ ಕಲ್ಲುಗಳ ಮೇಲೆಲ್ಲ ಕೆಂಪು ಕಲೆ. ಕುಂಕುಮ ಚೆಲ್ಲಿದ್ದಾಳೆ ಎಂದುಕೊಂಡೆ. ಆಮೇಲೆ ಅವಳ ಎಡಗಾಲು ನೋಡಿದೆ. ಯಾರೋ ಮಹಾಭಕ್ತರು ಕುಡಿದು ಒಡೆದ ಬಾಟಲಿಯ ಚೂರು ಅಂಗಾಲಿಗೆ ನಾಟಿತ್ತು. ಅಕ್ಕ ಬಗ್ಗಿ, ಬೇರೆ ಯಾರದೋ ಕಾಲು ನೋಡುವಂತೆ ನೋಡಿದಳು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸ್ಪರ್ಶ ಹೋಗುತ್ತದೆ, ಸಣ್ಣ ಗಾಯವೂ ಕಾಲು ಕತ್ತರಿಸುವವರೆಗೆ ಹೋಗಬಹುದು ಎಂದು ಮಕ್ಕಳಿಗೆ ಪಾಠ ಮಾಡಿದವನೇ ನಾನು. ಚೂರು ಮೇಲೆಯೇ ಇತ್ತು, ಚಿಮಟದಿಂದ ತೆಗೆದೆ. ನೀರಲ್ಲಿ ತೊಳೆದು ಮುಲಾಮು ಹಚ್ಚಿದೆ. ಕಟ್ಟಲು ಏನಿದೆ? ಹತ್ತಿ ಈಶ್ವರನ ಮುಂದೆ ಉರಿಯುತ್ತಿತ್ತು. ಬ್ಯಾಂಡೇಜು ಕೆಸರಾಗಿ ಗೆಳೆಯನ ಬೂಟಿನಲ್ಲಿತ್ತು. "ಬಿಚ್ಚಿ ಕೊಡ್ಲೇನೋ?" ಎಂದ ಪಾಪ. ನಾನು ಬೈದ ಬೈಗುಳ ಗುಡಿಯ ಮುಂದೆ ಆಡುವಂಥದ್ದಲ್ಲ.

ಅಕ್ಕ ತನ್ನ ಪೂಜೆಯ ಚೀಲದಿಂದ ಇಷ್ಟಲಿಂಗಕ್ಕೆ ಸುತ್ತುವ ಬಿಳಿ ವಸ್ತ್ರ ತೆಗೆದಳು. ಒಗೆದು ಇಸ್ತ್ರಿ ಮಾಡಿ ಮಡಚಿಟ್ಟಿದ್ದು.

"ತಗಾ, ಕಟ್ಟು. ನಮ್ ಹತ್ತಿ ಇಸ್ಕಂಡವ್ನೆ, ಬಟ್ಟೆ ಕೊಡ್ಲಿ."

ಕಟ್ಟಿ ಮುಗಿಸುವಾಗ ನನ್ನ ಕೈ ಹಿಡಿದುಕೊಂಡಳು. ದನಿ ಇಳಿದಿತ್ತು. "ಮಕ್ಕಳಿಗೆ ಹೇಳ್ಬೇಡ ಕಣೋ. ಹೇಳಿದ್ರೆ ಮುಗೀತು, ಮತ್ತೆ ಬೆಟ್ಟಕ್ಕೆ ಬಿಡಲ್ಲ."

ಕಾಲು ಹೋಗುವ ಭಯವಿಲ್ಲ ಇವಳಿಗೆ, ಬೆಟ್ಟ ಹೋಗುವ ಭಯ! ಸಿಟ್ಟು ಬಂತು, ಆದರೂ ಮಕ್ಕಳಿಗೆ ಹೇಳಲಿಲ್ಲ. ಅವತ್ತು ಮಧ್ಯಾಹ್ನವೇ ಡಾಕ್ಟರ ಮುಂದೆ ಕೂರಿಸಿದೆ. ವಾಸಿಯಾಗಲು ವಾರಗಳೇ ಹಿಡಿದವು. ಕೊನೆಗೆ ಡಾಕ್ಟರು, "ಹತ್ತಲಿ ಬಿಡಿ, ಆದರೆ ಬೆಟ್ಟದ ಮೇಲೆ ಬೂಟು ಬಿಚ್ಚೋದು ಬೇಡ. ಹತ್ತೋ ಮೊದಲೂ ಇಳಿದ ಮೇಲೂ ಯಾರಾದರೂ ಕಾಲು ನೋಡಬೇಕು," ಎಂದರು. ಇಷ್ಟು ವರ್ಷ ನಾನು ಡಬ್ಬಿ ನೋಡಿದ್ದೇ ನೋಡಿದ್ದು, ಅವಳ ಕಾಲು ಒಮ್ಮೆಯೂ ನೋಡಿರಲಿಲ್ಲ.

ಈಗ ಬೆಟ್ಟದ ದಿನ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಬೂಟು ಬಿಚ್ಚುತ್ತೇನೆ. ಗೆಳೆಯ ಮೊಬೈಲಿನ ಟಾರ್ಚ್ ಹಿಡಿಯುತ್ತಾನೆ. "ಮಾನ ಮರ್ಯಾದೆ ಇಲ್ವೇನೋ ನಿಂಗೆ" ಎಂದು ಅಕ್ಕ ಉಗಿಯುತ್ತಾಳೆ. ಹೋದ ತಿಂಗಳು ಅಮೃತಾಪುರದ ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬಳು ನಿಂತು ನೋಡಿ, "ಈ ಕಾಲ್ದಾಗೂ ಅಕ್ಕನ ಕಾಲಿಗೆ ಬೀಳೋರು ಅವ್ರೆ ನೋಡವ್ವ!" ಎಂದಳು.

ಅಕ್ಕ ತಕ್ಷಣ ನನ್ನ ತಲೆಯ ಮೇಲೆ ಕೈಯಿಟ್ಟಳು. "ಬೀಳ್ಲಿ ಬಿಡವ್ವ, ಮಾಡಿರೋ ಪಾಪ ಒಂದಾ ಎರಡಾ."

ನಾನು ತಲೆ ಎತ್ತಲಿಲ್ಲ. ಎಡಗಾಲು ನೋಡುವುದು ಇನ್ನೂ ಬಾಕಿ ಇತ್ತು.